ಪಾಯಿಂಟಿನ ಬೆಲೆ: ವಸತಿ ಹೋಟೆಲುಗಳ ನಿಷ್ಠಾಯೋಜನೆಗಳಲ್ಲಿ ಮೌಲ್ಯನಿರ್ಣಯದ ವಿಚಾರ

1. ಪ್ರಶ್ನೆಯ ಸ್ವರೂಪ

ಸಂತೆಯ ವ್ಯಾಪಾರಿಯು ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರನ್ನು ಸೇರಿಸಿ ಕೊಟ್ಟರೆ, ಆ ಕೊಸರು ಎಷ್ಟೆಂಬುದು ಕೊಂಡವನ ಕಣ್ಣಿಗೆ ಅಲ್ಲಿಯೇ ಗೋಚರವಾಗುತ್ತದೆ. ಕೊಟ್ಟವನು ಅದನ್ನು ಹಿಂದಕ್ಕೆ ಕೇಳುವಂತಿಲ್ಲ, ಪಡೆದವನು ಅದಕ್ಕಾಗಿ ಕಾಯಬೇಕಾದುದೂ ಇಲ್ಲ. ಇಂದಿನ ದೊಡ್ಡ ಹೋಟೆಲು ಸಮೂಹಗಳು ತಮ್ಮಲ್ಲಿ ತಂಗಿದ ಅತಿಥಿಗಳಿಗೆ ನೀಡುವ ಪಾಯಿಂಟುಗಳಾದರೋ ಕೊಸರಿನ ಲೆಕ್ಕವನ್ನು ಮಾತ್ರ ಅತಿಥಿಯ ಹೆಸರಿನಲ್ಲಿ ಬರೆದಿಟ್ಟು, ಆ ಲೆಕ್ಕಕ್ಕೆ ಪ್ರತಿಯಾಗಿ ಎಂದು, ಎಲ್ಲಿ, ಎಷ್ಟು ಕೊಡಬೇಕೆಂಬ ನಿರ್ಣಯವನ್ನು ಕೊಡುವವನ ಕೈಯಲ್ಲಿಯೇ ಉಳಿಸಿಕೊಳ್ಳುವ ಒಂದು ವಿಲಕ್ಷಣ ವ್ಯವಸ್ಥೆಯಾಗಿವೆ. ಇಂತಹ ಪಾಯಿಂಟುಗಳಿಂದ ಅತಿಥಿಯು ಗರಿಷ್ಠ ಪ್ರಯೋಜನವನ್ನು ಪಡೆಯುವ ಬಗೆ ಯಾವುದು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಗೃಹಕೃತ್ಯದ ಮಿತವ್ಯಯಕ್ಕೆ ಸಂಬಂಧಿಸಿದುದಾಗಿ ತೋರಿದರೂ, ವಿಚಾರಿಸಿ ನೋಡಿದಲ್ಲಿ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ಮನಶ್ಶಾಸ್ತ್ರಗಳು ಮೂರೂ ಸಂಧಿಸುವ ಸ್ಥಾನದಲ್ಲಿ ನಿಂತಿದೆ.

ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಲು ಉದ್ದೇಶಿಸಿರುವ ಸಿದ್ಧಾಂತವನ್ನು ಮೊದಲೇ ಸಂಗ್ರಹವಾಗಿ ಹೇಳಬಹುದು. ಪಾಯಿಂಟಿಗೆ ಸ್ವತಸ್ಸಿದ್ಧವಾದ ಬೆಲೆಯೆಂಬುದಿಲ್ಲ. ಸಂಸ್ಥೆಯು ಕೋಣೆಯೊಂದಕ್ಕೆ ಕೇಳುವ ಪಾಯಿಂಟುಗಳ ಸಂಖ್ಯೆಗೂ, ಅದೇ ರಾತ್ರಿ ಅದೇ ಕೋಣೆಗೆ ಮಾರುಕಟ್ಟೆಯಲ್ಲಿ ತೆರಬೇಕಾದ ಬಾಡಿಗೆಗೂ ನಡುವೆ ಉಂಟಾಗುವ ವಿಷಮತೆಯಲ್ಲಿ ಆ ಬೆಲೆ ಹುಟ್ಟುತ್ತದೆ. ಅತಿಥಿಯ ನೈಜವಾದ ಅಗತ್ಯವು ಅದಕ್ಕೆ ಮಿತಿಯನ್ನು ವಿಧಿಸುತ್ತದೆ. ಕಾಲವು ಅದನ್ನು ಸವೆಯಿಸುತ್ತದೆ.

2. ಯೋಜನೆಗಳ ಉಗಮ

ಅಮೆರಿಕದಲ್ಲಿ 1896ರಷ್ಟು ಹಿಂದೆಯೇ ಸ್ಪೆರಿ ಮತ್ತು ಹಚಿನ್‌ಸನ್ ಸಂಸ್ಥೆಯು ಅಂಗಡಿಗಳ ಮೂಲಕ ಹಸಿರು ಚೀಟಿಗಳನ್ನು ಹಂಚಿ, ಅವುಗಳನ್ನು ಪುಸ್ತಕದಲ್ಲಿ ಅಂಟಿಸಿ ತಂದವರಿಗೆ ಗೃಹೋಪಯೋಗಿ ವಸ್ತುಗಳನ್ನು ಕೊಡುವ ಪದ್ಧತಿಯನ್ನು ಆರಂಭಿಸಿತ್ತು. 1978ರಲ್ಲಿ ಆ ದೇಶದ ವಿಮಾನ ಸಾರಿಗೆಯು ಸರ್ಕಾರದ ದರನಿಯಂತ್ರಣದಿಂದ ಬಿಡುಗಡೆ ಹೊಂದಿ ಪೈಪೋಟಿ ತೀವ್ರವಾದಾಗ, ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ ತಿಂಗಳಿನಲ್ಲಿ, ಹಾರಿದ ಮೈಲಿಗಳನ್ನು ಪ್ರಯಾಣಿಕನ ಹೆಸರಿನಲ್ಲಿ ಜಮಾ ಮಾಡುವ ಯೋಜನೆಯನ್ನು ಹೊರತಂದಿತು. ಹೋಟೆಲುಗಳು ಈ ಮಾರ್ಗವನ್ನು ಹಿಡಿಯಲು ಬಹುಕಾಲ ಬೇಕಾಗಲಿಲ್ಲ. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್, 1987ರಲ್ಲಿ ಹಿಲ್ಟನ್ ಮತ್ತು ಹಯಾತ್ ತಮ್ಮ ತಮ್ಮ ಯೋಜನೆಗಳನ್ನು ಸ್ಥಾಪಿಸಿದುವು. 1999ರಲ್ಲಿ ಸ್ಟಾರ್‌ವುಡ್ ಸಂಸ್ಥೆಯು, ಹಬ್ಬ ರಜೆಗಳ ನೆಪದಲ್ಲಿ ಪಾಯಿಂಟುದಾರರನ್ನು ಹೊರಗಿಡುವ ನಿಷಿದ್ಧ ದಿನಗಳ ಕಟ್ಟಳೆಯನ್ನು ತೆಗೆದುಹಾಕಿ ಬಹುಜನರ ಪ್ರೀತಿಯನ್ನು ಸಂಪಾದಿಸಿತು. 2016ರಲ್ಲಿ ಆ ಸಂಸ್ಥೆಯನ್ನು ಮ್ಯಾರಿಯಟ್ ಕೊಂಡುಕೊಂಡಿತು. ಎರಡು ಯೋಜನೆಗಳೂ 2018ರಲ್ಲಿ ಒಂದಾಗಿ 2019ರಿಂದ ಬಾನ್‌ವಾಯ್ ಎಂಬ ಹೆಸರನ್ನು ತಳೆದುವು.

ಈ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಘಟ್ಟವು ದರಪಟ್ಟಿಗಳ ಲೋಪ. ಪೂರ್ವದಲ್ಲಿ ಪ್ರತಿಯೊಂದು ಹೋಟೆಲನ್ನೂ ಒಂದು ವರ್ಗಕ್ಕೆ ಸೇರಿಸಿ, ಆ ವರ್ಗದ ಕೋಣೆಗೆ ಇಂತಿಷ್ಟು ಪಾಯಿಂಟುಗಳೆಂದು ಪ್ರಕಟಿಸುತ್ತಿದ್ದರು. ಹಿಲ್ಟನ್ 2017ರಲ್ಲಿಯೂ ಮ್ಯಾರಿಯಟ್ 2022ರಲ್ಲಿಯೂ ಇಂತಹ ಪಟ್ಟಿಗಳನ್ನು ಕೈಬಿಟ್ಟು, ಬೇಡಿಕೆಗೆ ಅನುಸಾರವಾಗಿ ದಿನದಿನಕ್ಕೂ ಪಾಯಿಂಟಿನ ದರವನ್ನು ಏರಿಳಿಸುವ ಕ್ರಮವನ್ನು ಅವಲಂಬಿಸಿದುವು. ಫ್ರಾನ್ಸಿನ ಅಕೋರ್ ಸಮೂಹವು ಹಿಡಿದುದು ಬೇರೊಂದು ದಾರಿ: ಅಲ್ಲಿ 2,000 ಪಾಯಿಂಟುಗಳು 40 ಯೂರೋಗಳಿಗೆ ಸಮಾನವೆಂದು ಗೊತ್ತುಮಾಡಲಾಗಿದೆ. ನಮ್ಮ ದೇಶದಲ್ಲಿ ತಾಜ್ ಹೋಟೆಲುಗಳಲ್ಲಿ ಸಲ್ಲುವ ಟಾಟಾ ಸಮೂಹದ ನ್ಯೂಕಾಯಿನ್ನು ಒಂದು ರೂಪಾಯಿಗೆ ಸಮವೆಂದು ಎಣಿಸಲ್ಪಡುವುದೂ ಇದೇ ಜಾತಿಯದು. ನಿಶ್ಚಿತ ಬೆಲೆಯ ಪಾಯಿಂಟಿನಲ್ಲಿ ಮೋಸಹೋಗುವ ಭಯ ಕಡಿಮೆ. ಅಂತೆಯೇ ಜಾಣ್ಮೆಗೆ ಅವಕಾಶವೂ ಕಡಿಮೆ. ಆದಕಾರಣ ಮುಂದಿನ ವಿವೇಚನೆಯು ಮುಖ್ಯವಾಗಿ ಅನಿಶ್ಚಿತ ಬೆಲೆಯ ಪಾಯಿಂಟುಗಳನ್ನು ಕುರಿತದ್ದು.

3. ಬೆಲೆ ಹುಟ್ಟುವ ಸ್ಥಾನ

ಫಲಕದ ಮೇಲೆ ಹೆಸರಿರುವ ಸಂಸ್ಥೆಯೇ ಕಟ್ಟಡದ ಒಡೆಯನೆಂದು ಸಾಮಾನ್ಯ ಅತಿಥಿಯು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ಬಹುತೇಕ ಹೋಟೆಲುಗಳ ಮಾಲೀಕತ್ವವು ಬೇರೆಯವರದು. ಸಮೂಹಕ್ಕೆ ಸೇರಿದುವು ಹೆಸರು, ಕಾಯ್ದಿರಿಸುವ ಏರ್ಪಾಡು ಮತ್ತು ನಿಷ್ಠಾಯೋಜನೆ. ಸದಸ್ಯನೊಬ್ಬನು ಹಣ ತೆತ್ತು ತಂಗಿದಾಗ, ಅವನಿಗೆ ಜಮೆಯಾಗುವ ಪಾಯಿಂಟುಗಳ ಬಾಬ್ತು ಕಟ್ಟಡದ ಮಾಲೀಕನು ಬಿಲ್ಲಿನ ಒಂದು ಅಂಶವನ್ನು ಯೋಜನೆಯ ನಿಧಿಗೆ ಕಟ್ಟುತ್ತಾನೆ. ಅದೇ ಸದಸ್ಯನು ಮುಂದೆ ಪಾಯಿಂಟು ತೆತ್ತು ಇನ್ನೊಂದೆಡೆ ತಂಗಿದಾಗ, ಆ ಇನ್ನೊಬ್ಬ ಮಾಲೀಕನಿಗೆ ನಿಧಿಯಿಂದ ಹಣ ಸಂದಾಯವಾಗುತ್ತದೆ. ಈ ಸಂದಾಯದ ಪ್ರಮಾಣದಲ್ಲಿಯೇ ರಹಸ್ಯವಿರುವುದು: ಹೋಟೆಲು ಬರಿದಾಗಿರುವ ರಾತ್ರಿಗಳಲ್ಲಿ ಮಾಲೀಕನಿಗೆ ದೊರೆಯುವುದು ಕೋಣೆಯನ್ನು ಶುಚಿಮಾಡಿ ಹಾಸಿಗೆ ಹಾಸುವ ಖರ್ಚಿಗಿಂತ ತುಸು ಹೆಚ್ಚಾದ ಮೊತ್ತ, ಹೋಟೆಲು ಬಹುಮಟ್ಟಿಗೆ ಭರ್ತಿಯಾದ ರಾತ್ರಿಗಳಲ್ಲಾದರೆ ಆ ದಿನದ ಸರಾಸರಿ ಬಾಡಿಗೆಗೆ ಸಮೀಪವಾದ ಮೊತ್ತ. ಖಾಲಿ ಉಳಿದ ಕೋಣೆಯು ಬೆಳಗಾದೊಡನೆ ನಷ್ಟವಾಗುವ ಸರಕಾದುದರಿಂದ, ಅದನ್ನು ಕಿರುಬೆಲೆಗೆ ಪಡೆದು ಪೂರ್ಣಬೆಲೆಯ ಸಂತೋಷವನ್ನು ಅತಿಥಿಗೆ ಒದಗಿಸುವುದು ಸಾಧ್ಯವಾಗುತ್ತದೆ. ಪಾಯಿಂಟಿನ ಆಕರ್ಷಣೆಗೆಲ್ಲ ಈ ಅಂತರವೇ ಮೂಲ.

ಲೆಕ್ಕಶಾಸ್ತ್ರವೂ ಈ ಪಾಯಿಂಟುಗಳನ್ನು ಋಣವೆಂದೇ ಪರಿಗಣಿಸುತ್ತದೆ. 2018ರಿಂದ ಜಾರಿಗೆ ಬಂದ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಮಾನದಂಡವೂ, ಅದೇ ವರ್ಷದ ಏಪ್ರಿಲ್‌ನಿಂದ ಭಾರತದಲ್ಲಿ ಅನ್ವಯವಾದ ಇಂಡ್ ಎಎಸ್ 115 ಸಹ, ಇಂದಿನ ಬಿಲ್ಲಿನಲ್ಲಿ ಪಾಯಿಂಟುಗಳಿಗೆ ಸಲ್ಲಬೇಕಾದ ಪಾಲನ್ನು ಪ್ರತ್ಯೇಕಿಸಿ, ಅವು ಬಳಕೆಯಾಗುವ ತನಕ ವರಮಾನವೆಂದು ತೋರಿಸದಿರುವಂತೆ ವಿಧಿಸುತ್ತವೆ. ಮ್ಯಾರಿಯಟ್‌ನಂತಹ ಸಂಸ್ಥೆಯ ಆಸ್ತಿಋಣಪಟ್ಟಿಯಲ್ಲಿ ಈ ಬಾಬ್ತು ಹಲವು ಶತಕೋಟಿ ಡಾಲರುಗಳಷ್ಟಿದೆ. ಎಂದೂ ಬಳಕೆಯಾಗದೆ ನಶಿಸುವ ಪಾಯಿಂಟುಗಳ ಭಾಗವನ್ನು ಸಂಸ್ಥೆಗಳು ಮುಂದಾಗಿಯೇ ಅಂದಾಜುಮಾಡಿ ಲೆಕ್ಕಕ್ಕೆ ಹಿಡಿಯುತ್ತವೆ. ಅಂದರೆ ಅತಿಥಿಯ ಮರೆವೂ ಸಂಸ್ಥೆಯ ಆದಾಯದ ಒಂದು ಮೂಲವೇ ಆಗಿದೆ.

4. ಗಣನೆಯ ಕ್ರಮ

ಪಾಯಿಂಟಿನ ಬೆಲೆಯನ್ನು ಕಾಣುವ ಸಾಧಾರಣ ವಿಧಾನವು, ಉಳಿದ ಹಣವನ್ನು ತೆತ್ತ ಪಾಯಿಂಟುಗಳಿಂದ ಭಾಗಿಸುವುದು. ಬಾಡಿಗೆ 12,000 ರೂಪಾಯಿಯ ಕೋಣೆಯೊಂದಕ್ಕೆ 30,000 ಪಾಯಿಂಟುಗಳನ್ನು ಕೇಳುತ್ತಾರೆಂದು ಭಾವಿಸೋಣ. ಭಾರತದಲ್ಲಿ ದಿನವೊಂದಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ಶೇ. 18ರ ಜಿಎಸ್‌ಟಿ ಬೀಳುವುದರಿಂದ ನಗದಾಗಿ ತೆರಬೇಕಾದುದು 14,160 ರೂಪಾಯಿ. ಪಾಯಿಂಟು ಕೊಟ್ಟವನು ಸಾಮಾನ್ಯವಾಗಿ ಈ ತೆರಿಗೆಯನ್ನು ಬೇರೆಯಾಗಿ ತೆರಬೇಕಾಗಿಲ್ಲ. ಹೀಗೆ ಒಂದು ಪಾಯಿಂಟಿಗೆ 47 ಪೈಸೆ ದಕ್ಕಿದಂತೆ ತೋರುತ್ತದೆ. ಆದರೆ ಹಣ ಕೊಟ್ಟು ತಂಗಿದ್ದರೆ ಹೊಸ ಪಾಯಿಂಟುಗಳು ಜಮೆಯಾಗುತ್ತಿದ್ದುವೆಂಬುದನ್ನು ಮರೆಯಲಾಗದು. ಮ್ಯಾರಿಯಟ್‌ನ ಬಹುಪಾಲು ಹೋಟೆಲುಗಳಲ್ಲಿ ಡಾಲರು ಒಂದಕ್ಕೆ 10 ಪಾಯಿಂಟುಗಳು ಮೂಲದರ. ಗಣನೆಯ ಸೌಕರ್ಯಕ್ಕಾಗಿ ಡಾಲರಿಗೆ 80 ರೂಪಾಯಿ ಎಂದಿಟ್ಟುಕೊಂಡರೆ, 12,000 ರೂಪಾಯಿಗೆ 150 ಡಾಲರು, ಅದಕ್ಕೆ 1,500 ಪಾಯಿಂಟು. ಈ ಕೈತಪ್ಪಿದ ಗಳಿಕೆಯನ್ನೂ ಸೇರಿಸಿ 31,500ರಿಂದ ಭಾಗಿಸಿದರೆ ಉಳಿಯುವುದು 45 ಪೈಸೆ. ವ್ಯತ್ಯಾಸವು ಅಲ್ಪವಾಗಿ ಕಂಡರೂ, ಉನ್ನತ ಶ್ರೇಣಿಯ ಸದಸ್ಯರಿಗೆ ಹೆಚ್ಚುವರಿ ಪಾಯಿಂಟುಗಳು ಸಲ್ಲುವುದರಿಂದ ಅವರ ಪಾಲಿಗೆ ಇದು ಇನ್ನೂ ದೊಡ್ಡದಾಗುತ್ತದೆ.

ಇದೇ ಕೋಣೆಯಲ್ಲಿ ಐದು ರಾತ್ರಿ ತಂಗುವವನ ಸಂಗತಿಯನ್ನು ನೋಡೋಣ. ಮ್ಯಾರಿಯಟ್‌ನಲ್ಲಿ ಎಲ್ಲ ಸದಸ್ಯರಿಗೂ, ಹಿಲ್ಟನ್‌ನಲ್ಲಿ ಬೆಳ್ಳಿ ಶ್ರೇಣಿಯಿಂದ ಮೇಲಿನವರಿಗೂ, ಒಂದೇ ಸಮನೆ ಐದು ರಾತ್ರಿಗಳನ್ನು ಪಾಯಿಂಟುಗಳಲ್ಲಿ ಕಾಯ್ದಿರಿಸಿದಾಗ ಒಂದು ರಾತ್ರಿ ಉಚಿತವಾಗಿ ದೊರೆಯುತ್ತದೆ. ನಗದಿನ ಲೆಕ್ಕದಲ್ಲಿ 70,800 ರೂಪಾಯಿಯಾಗುವ ವಾಸಕ್ಕೆ 1,20,000 ಪಾಯಿಂಟುಗಳು ಸಾಕಾಗಿ, ಕೈತಪ್ಪಿದ 7,500 ಪಾಯಿಂಟುಗಳನ್ನು ಕೂಡಿಸಿದರೂ, ಪಾಯಿಂಟೊಂದಕ್ಕೆ 55 ಪೈಸೆ ದಾಟುತ್ತದೆ. ಐದು ಬಿಡಿ ರಾತ್ರಿಗಳನ್ನು ಐದು ಊರುಗಳಲ್ಲಿ ಕಳೆಯುವವನಿಗೆ ಈ ಲಾಭವಿಲ್ಲ.

ಇನ್ನೊಂದು ಹೋಲಿಕೆಯೂ ಬೋಧಪ್ರದವಾಗಿದೆ. ಮ್ಯಾರಿಯಟ್ ಸಂಸ್ಥೆಯು 1,000 ಪಾಯಿಂಟುಗಳನ್ನು 12.50 ಡಾಲರಿನ ಮೂಲಬೆಲೆಗೆ ತಾನೇ ಮಾರುತ್ತದೆ. ಮೇಲಿನ ವಿನಿಮಯದರದಲ್ಲಿ ಇದು ಪಾಯಿಂಟಿಗೆ ಸರಿಯಾಗಿ ಒಂದು ರೂಪಾಯಿ. ಒಂದು ರೂಪಾಯಿಗೆ ಕೊಂಡು 45 ಪೈಸೆಗೆ ಕಳೆದುಕೊಳ್ಳುವ ವ್ಯಾಪಾರವನ್ನು ವಿವೇಕಿಯು ಮಾಡಲಾರನು. ದೊಡ್ಡ ರಿಯಾಯಿತಿಯ ಕಾಲದಲ್ಲಿ, ನಿರ್ದಿಷ್ಟವಾದ ಕಾಯ್ದಿರಿಸುವಿಕೆಗೆ ಅಲ್ಪಸ್ವಲ್ಪ ಕೊರತೆ ಬಿದ್ದಾಗ ಮಾತ್ರ ಕೊಳ್ಳುವುದು ಸಮರ್ಥನೀಯ. ಪಾಯಿಂಟುಗಳನ್ನು ವಿಮಾನದ ಮೈಲಿಗಳಾಗಿ ಬದಲಾಯಿಸುವುದೂ ಪ್ರಾಯಶಃ ನಷ್ಟದ ಬಾಬ್ತೇ: ಮೂರು ಪಾಯಿಂಟಿಗೆ ಒಂದು ಮೈಲಿಯಂತೆ, 60,000 ಪಾಯಿಂಟುಗಳಿಗೆ 5,000 ಮೈಲಿಗಳ ಕೊಡುಗೆ ಸೇರಿದರೂ, ದೊರೆಯುವುದು 25,000 ಮೈಲಿ.

5. ದೇಶ, ಕಾಲ ಮತ್ತು ಕ್ಷಯ

ಬಾಡಿಗೆಯ ಏರಿಳಿತವು ಊರಿನ ಸ್ವಭಾವವನ್ನು ಅನುಸರಿಸುತ್ತದೆ. ಬೆಂಗಳೂರಿನ ವ್ಯಾಪಾರಕೇಂದ್ರಗಳಲ್ಲಿರುವ ಹೋಟೆಲುಗಳ ದರ ವಾರದ ನಡುವೆ ಏರಿ ಶನಿವಾರ ಭಾನುವಾರಗಳಲ್ಲಿ ಇಳಿಯುತ್ತದೆ; ಕೊಡಗಿನ ವಿಹಾರಧಾಮಗಳಲ್ಲಿ ಇದಕ್ಕೆ ತದ್ವಿರುದ್ಧ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವ ವಾರ ನಗರದ ಬಾಡಿಗೆಗಳು ಮುಗಿಲು ಮುಟ್ಟುತ್ತವೆ. ಪಾಯಿಂಟಿನ ದರಕ್ಕೆ ಮೇಲ್ಮಿತಿಯಿರುವ ಯೋಜನೆಯಲ್ಲಿ ಇಂತಹ ವಾರವೇ ಸುಗ್ಗಿ. ಹಯಾತ್ 2022ರಲ್ಲಿ ಒಂದೊಂದು ವರ್ಗಕ್ಕೂ ಕಡಿಮೆ, ಸಾಧಾರಣ, ಅಧಿಕ ಎಂಬ ಮೂರು ದರಗಳನ್ನು ಗೊತ್ತುಮಾಡಿದಾಗ, ಕೆಳವರ್ಗದ ಕೋಣೆಗೆ 3,500ರಿಂದ 6,500, ಎಂಟನೆಯ ವರ್ಗಕ್ಕೆ 35,000ದಿಂದ 45,000 ಎಂಬ ಸೀಮೆಗಳಿದ್ದುವು. ಬಾಡಿಗೆ ಮೂರು ಪಟ್ಟಾದರೂ ಪಾಯಿಂಟು ಆ ಸೀಮೆಯನ್ನು ದಾಟುವಂತಿರಲಿಲ್ಲ. ಆದರೆ ಹೋಟೆಲಿನವರು ಪಾಯಿಂಟಿಗೆ ಕೊಡುವುದು ಸಾಧಾರಣ ಕೋಣೆಯನ್ನು. ಸಾಧಾರಣ ಕೋಣೆ ಯಾವುದೆಂಬ ವ್ಯಾಖ್ಯಾನವು ಅವರ ಕೈಯಲ್ಲಿರುವುದರಿಂದ, ಬೇಡಿಕೆಯ ದಿನಗಳಲ್ಲಿ ಅಂತಹ ಕೋಣೆಗಳು ಬೇಗ ಮಾಯವಾಗುತ್ತವೆ. ಆದುದರಿಂದ ತಿಂಗಳುಗಳ ಮುಂಚೆಯೇ ಕಾಯ್ದಿರಿಸಿಟ್ಟು, ದಂಡವಿಲ್ಲದೆ ರದ್ದುಮಾಡುವ ಗಡುವನ್ನು ಗುರುತುಹಾಕಿಕೊಂಡಿರುವುದು ಉತ್ತಮ ಕ್ರಮ. ವಿಹಾರಧಾಮಗಳಲ್ಲಿ ಬಾಡಿಗೆಯ ಹೊರತಾಗಿ ವಸೂಲುಮಾಡುವ ಸೌಲಭ್ಯಶುಲ್ಕವನ್ನು ಹಿಲ್ಟನ್ ಮತ್ತು ಹಯಾತ್ ಪಾಯಿಂಟಿನ ವಾಸಕ್ಕೆ ಬಿಟ್ಟುಕೊಡುತ್ತವೆ, ಮ್ಯಾರಿಯಟ್ ಬಿಡುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೂಡಿಟ್ಟ ಪಾಯಿಂಟಿಗೆ ಬಡ್ಡಿಯಿಲ್ಲ, ಬದಲಾಗಿ ಕ್ಷಯವುಂಟು. ಮ್ಯಾರಿಯಟ್ ಮತ್ತು ಹಯಾತ್ ಯೋಜನೆಗಳಲ್ಲಿ 24 ತಿಂಗಳು ಯಾವ ವ್ಯವಹಾರವೂ ಇಲ್ಲದಿದ್ದರೆ ಖಾತೆಯು ಬರಿದಾಗುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದ ಕ್ಷಯವು ದರವೃದ್ಧಿಯ ರೂಪದಲ್ಲಿ ಬರುತ್ತದೆ. ನಮ್ಮ ಉದಾಹರಣೆಯ ಕೋಣೆಯ ಬಾಡಿಗೆ ಕಿಂಚಿತ್ತೂ ಬದಲಾಗದೆ, ಕೇಳುವ ಪಾಯಿಂಟು ಮಾತ್ರ 30,000ದಿಂದ 35,000ಕ್ಕೆ ಏರಿದರೆ, 45 ಪೈಸೆಯ ಪಾಯಿಂಟು 39 ಪೈಸೆಗೂ ಕೊಂಚ ಕೆಳಗಿಳಿಯುತ್ತದೆ. ಯೋಜನೆಯ ನಿಬಂಧನೆಗಳಲ್ಲಿ ಪಾಯಿಂಟುಗಳು ಸದಸ್ಯನ ಸ್ವತ್ತಲ್ಲವೆಂದೂ, ನಿಯಮಗಳನ್ನು ಬದಲಾಯಿಸುವ ಹಕ್ಕು ಸಂಸ್ಥೆಗೆ ಸೇರಿದೆಯೆಂದೂ ಬರೆದಿರುವುದರಿಂದ ಈ ಇಳಿತವನ್ನು ತಡೆಯಲು ಸದಸ್ಯನಿಗೆ ಉಪಾಯವಿಲ್ಲ.

6. ಮನಸ್ಸಿನ ಪಾಲು

ಹೀಗಿದ್ದರೂ ಜನರು ಪಾಯಿಂಟುಗಳನ್ನು ಕೂಡಿಡುವುದೇಕೆ? ಸೀ ಮೊದಲಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಗಮನಾರ್ಹ. ಆರು ನಿಮಿಷದ ಕೆಲಸಕ್ಕೆ 60 ಪಾಯಿಂಟು, ಏಳು ನಿಮಿಷದ ಕೆಲಸಕ್ಕೆ 100 ಪಾಯಿಂಟು ಎಂದು ಗೊತ್ತುಮಾಡಿ, 60ಕ್ಕೆ ವೆನಿಲಾ ಐಸ್‌ಕ್ರೀಮನ್ನೂ 100ಕ್ಕೆ ಪಿಸ್ತಾ ಐಸ್‌ಕ್ರೀಮನ್ನೂ ಇಡಲಾಯಿತು. ಪಾಯಿಂಟಿನ ಮಾತೆತ್ತದೆ ನೇರವಾಗಿ ಕೇಳಿದಾಗ ಹೆಚ್ಚಿನವರು ಕಿರುಗೆಲಸವನ್ನೂ ವೆನಿಲಾವನ್ನೂ ಆರಿಸಿದರು. ಪಾಯಿಂಟುಗಳು ನಡುವೆ ಬಂದೊಡನೆ ಬಹುಮಂದಿ ದೀರ್ಘವಾದ ಕೆಲಸವನ್ನು ಹಿಡಿದು, ತಮಗೆ ಅಷ್ಟಾಗಿ ಹಿಡಿಸದ ಪಿಸ್ತಾವನ್ನು ಪಡೆದರು. 2006ರಲ್ಲಿ ನೂನೆಸ್ ಮತ್ತು ಡ್ರೇಜ಼್ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಕಾರು ತೊಳೆಯುವ ಅಂಗಡಿಯವರು ಕೆಲವರಿಗೆ ಎಂಟು ಮುದ್ರೆಯ ಬರಿಯ ಚೀಟಿಯನ್ನೂ, ಉಳಿದವರಿಗೆ ಹತ್ತು ಮುದ್ರೆಯ ಚೀಟಿಯಲ್ಲಿ ಎರಡನ್ನು ಮೊದಲೇ ಒತ್ತಿಯೂ ಕೊಟ್ಟರು. ಬೇಕಾದ ಭೇಟಿಗಳು ಇಬ್ಬರಿಗೂ ಎಂಟೇ ಆದರೂ, ಮೊದಲ ಗುಂಪಿನಲ್ಲಿ ಶೇ. 19, ಎರಡನೆಯದರಲ್ಲಿ ಶೇ. 34 ಮಂದಿ ಚೀಟಿಯನ್ನು ಪೂರ್ಣಗೊಳಿಸಿದರು. ವರ್ಷಾಂತ್ಯದಲ್ಲಿ ಶ್ರೇಣಿಯನ್ನು ಉಳಿಸಿಕೊಳ್ಳಲು ಬೇಡದ ರಾತ್ರಿಗಳನ್ನು ಹೋಟೆಲಿನಲ್ಲಿ ಕಳೆಯುವವರ ವರ್ತನೆಯೂ ಇದೇ ಬಗೆಯದು.

ಪೈಸೆಯ ಅನುಪಾತವನ್ನೇ ಗುರಿಯಾಗಿಸಿಕೊಳ್ಳುವ ಜಾಣನೂ ಈ ಭ್ರಮೆಗೆ ಹೊರತಲ್ಲ. 60,000 ರೂಪಾಯಿಯ ಕೋಣೆಯನ್ನು 85,000 ಪಾಯಿಂಟಿಗೆ ಪಡೆದವನು, ತೆರಿಗೆ ಸೇರಿ 70,800 ರೂಪಾಯಿ ಉಳಿಸಿದೆನೆಂದೂ ಪಾಯಿಂಟಿಗೆ 83 ಪೈಸೆ ದಕ್ಕಿತೆಂದೂ ಹಿಗ್ಗಬಹುದು. ಪಾಯಿಂಟುಗಳಿಲ್ಲದಿದ್ದರೆ ಆ ರಾತ್ರಿಗೆ ಅವನು 10,000 ರೂಪಾಯಿಗಿಂತ ಹೆಚ್ಚನ್ನು ತೆರುತ್ತಿರಲಿಲ್ಲವೆಂದಾದರೆ, ನಿಜವಾಗಿ ಉಳಿದುದು ಅಷ್ಟೇ. ಪಾಯಿಂಟಿಗೆ 12 ಪೈಸೆಯೂ ತುಂಬದು. ಮಿಕ್ಕುದು ಐಷಾರಾಮದ ಅನುಭವ. ಅದಕ್ಕೆ ಬೆಲೆಯಿಲ್ಲವೆಂದಲ್ಲ, ಆದರೆ ಆ ಬೆಲೆಯನ್ನು ಹೋಟೆಲಿನ ದರಫಲಕದಿಂದ ಓದಿಕೊಳ್ಳುವುದು ತರ್ಕಸಮ್ಮತವಲ್ಲ. ಪರರ ಹಣದಲ್ಲಿ ಗಳಿಸಿದ ಪಾಯಿಂಟುಗಳ ವಿಷಯದಲ್ಲಿ ಇನ್ನೂ ಒಂದು ತೊಡಕುಂಟು: ಕಛೇರಿಯ ಕೆಲಸಕ್ಕೆ ಪ್ರಯಾಣ ಮಾಡುವವನು ಬಾಡಿಗೆಯ ಭಾರವನ್ನು ತಾನು ಹೊರದೆ ಫಲವನ್ನು ಮಾತ್ರ ಅನುಭವಿಸುವುದರಿಂದ, ಅಗ್ಗವಾದ ಕೋಣೆಯನ್ನು ಹುಡುಕುವ ಪ್ರೇರಣೆ ಅವನಲ್ಲಿ ಕುಂದುತ್ತದೆ. ಅಧಿಕೃತ ವಿಮಾನಪ್ರಯಾಣದಲ್ಲಿ ಬಂದ ಮೈಲಿಗಳನ್ನು ಅಧಿಕೃತ ಪ್ರಯಾಣಕ್ಕೇ ವಿನಿಯೋಗಿಸಬೇಕೆಂದು ಕೇಂದ್ರ ಸರ್ಕಾರವು ತನ್ನ ನೌಕರರಿಗೆ ವಿಧಿಸಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ನಿಯಮಗಳು ಕೆಲವೇ. ಹೋಟೆಲನ್ನು ಮೊದಲು ಅದರ ಗುಣದಿಂದಲೂ ಬಾಡಿಗೆಯಿಂದಲೂ ಆರಿಸಿ, ಸಮಾನರ ನಡುವೆ ಮಾತ್ರ ಪಾಯಿಂಟನ್ನು ನಿರ್ಣಾಯಕವಾಗಿಸಿಕೊಳ್ಳಬೇಕು. ನಗದಿನ ಬಾಡಿಗೆ ಏರಿದ ರಾತ್ರಿಗಳಲ್ಲಿ ಪಾಯಿಂಟನ್ನೂ ಇಳಿದ ರಾತ್ರಿಗಳಲ್ಲಿ ಹಣವನ್ನೂ ತೆರಬೇಕು. ಬಿಡಿ ರಾತ್ರಿಗಳಿಗಿಂತ ಐದು ರಾತ್ರಿಗಳ ವಾಸಕ್ಕೆ ಪಾಯಿಂಟುಗಳನ್ನು ಮೀಸಲಿಡಬೇಕು. ಉಳಿತಾಯವನ್ನು ಎಣಿಸುವಾಗ, ತಾನು ನಿಜಕ್ಕೂ ತೆರಲು ಸಿದ್ಧನಿದ್ದ ಮೊತ್ತವನ್ನೇ ಅಳತೆಗೋಲಾಗಿ ಹಿಡಿಯಬೇಕು. ಗೊತ್ತಾದ ಪ್ರಯಾಣವೊಂದರ ಆವಶ್ಯಕತೆಗೆ ಮೀರಿ ಕೂಡಿಡಬಾರದು.

ಅತಿಥಿಯ ವಿವೇಕದಿಂದ ಪರಿಹಾರವಾಗದ ಒಂದಂಶ ಇನ್ನೂ ಉಳಿಯುತ್ತದೆ. ಪಾಯಿಂಟುಗಳ ಋಣವು ಎಷ್ಟೆಂಬ ಮೊತ್ತವನ್ನು ಸಂಸ್ಥೆಗಳು ವಾರ್ಷಿಕ ವರದಿಯಲ್ಲಿ ಷೇರುದಾರರಿಗೆ ನಿವೇದಿಸುತ್ತವೆ. ಆ ಮೊತ್ತವನ್ನು ಕಟ್ಟುವಾಗ ಪಾಯಿಂಟೊಂದರ ಬೆಲೆಯನ್ನು ಅಂದಾಜು ಮಾಡದೆ ವಿಧಿಯಿಲ್ಲ. ಷೇರುದಾರರಿಗಾಗಿ ಮಾಡಿದ ಈ ಅಂದಾಜನ್ನು, ಆ ಋಣವು ಯಾರಿಗೆ ಸಲ್ಲಬೇಕಾಗಿದೆಯೋ ಆ ಅತಿಥಿಗೂ ವರ್ಷಕ್ಕೊಮ್ಮೆ ತಿಳಿಯಪಡಿಸುವುದು, ಮತ್ತು ದರವನ್ನು ಏರಿಸುವ ಮುನ್ನ ಸಾಕಷ್ಟು ಮುಂಚಿತವಾಗಿ ಸೂಚನೆ ಕೊಡುವುದು ನ್ಯಾಯವಾದ ವ್ಯವಹಾರಕ್ಕೆ ಕನಿಷ್ಠ ಲಕ್ಷಣವೆನಿಸುತ್ತದೆ. ಅಷ್ಟಾಗುವ ತನಕ ಪಾಯಿಂಟನ್ನು ಉಳಿತಾಯವೆಂದು ಎಣಿಸದೆ, ಅವಧಿ ಗೊತ್ತಿಲ್ಲದ ರಿಯಾಯಿತಿಯೆಂದು ಎಣಿಸಿ ಬೇಗನೆ ವಿನಿಯೋಗಿಸುವವನ ಲೆಕ್ಕವೇ ಸರಿಯಾದ ಲೆಕ್ಕ.