ನೇಗಿಲ ಕುದುರೆಗೆ ಪರ್ಮಿಶನ್ ಬೇಡ, ಸವಾರಿ ಕುದುರೆಗೆ ಬೇಕು



ಹೋದ ತಿಂಗಳು ನಮ್ಮ ಹೊಲದ ಪಕ್ಕ ಜಮೀನು ತಗೊಂಡಿರೋ ಬೆಂಗಳೂರಿನವರೊಬ್ಬರು ಮನೆಗೆ ಬಂದಿದ್ರು. ರಸ್ತೆ ಕಡೆ ನಾನು ಬೀಳು ಬಿಟ್ಟಿರೋ 20 ಗುಂಟೆ ಅವರಿಗೆ ಬಾಡಿಗೆಗೆ ಬೇಕಂತೆ. ಎರಡು ಸವಾರಿ ಕುದುರೆಗೆ ಶೀಟಿನ ಲಾಯ, ಅದರ ಮುಂದೆ ಮರಳು ಹಾಸಿದ ಅಂಗಳ. ಅವರು ಹೇಳಿದ ಬಾಡಿಗೆ ಆ ಜಾಗದಲ್ಲಿ ರಾಗಿ ಬೆಳೆದರೆ ಸಿಗಲ್ಲ. ಟೀ ಅಂಗಡೀಲಿ ವಿಷಯ ಎತ್ತಿದ್ದಕ್ಕೆ ಒಬ್ಬ ಅಂದ, "ಅಣ್ಣಾ, ದನದ ಕೊಟ್ಟಿಗೆ ಅಂತ ಕಟ್ಟಿಸ್ಬಿಡು, ಯಾರು ಕೇಳ್ತಾರೆ? ಕುದುರೆಗೂ ನಾಲ್ಕೇ ಕಾಲು ತಾನೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಹಸು ಕಟ್ಟೋ ಕೊಟ್ಟಿಗೆಗೂ ಕುದುರೆ ಕಟ್ಟೋ ಲಾಯಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆಯಾ? ಹುಡುಕ್ತಾ ಹೋದರೆ, ಇದೇ ಪ್ರಶ್ನೆ ಇಟ್ಕೊಂಡು ಇಂಗ್ಲೆಂಡಿನ ಹಳ್ಳಿಗಳಲ್ಲಿ ಅರವತ್ತು ವರ್ಷದಿಂದ ಜಗಳ ನಡೀತಿದೆ. ಆ ಕಥೆ ನಮಗೂ ಗೊತ್ತಿರಲಿ ಅಂತ ಬರೀತಿದ್ದೀನಿ.

ಮೊದಲ ಮಹಾಯುದ್ಧದ ಹೊತ್ತಲ್ಲಿ ಅಲ್ಲಿನ ಸರಕಾರ ರೈತರಿಗೆ ಧಾನ್ಯದ ಬೆಲೆಗೆ ಭರವಸೆ ಕೊಟ್ಟಿತ್ತು. ಯುದ್ಧ ಮುಗಿದು ಬೆಲೆ ಬಿದ್ದ ಕೂಡಲೇ, 1921ರಲ್ಲಿ ಆ ಭರವಸೆಯನ್ನ ವಾಪಸ್ ತಗೊಂಡ್ತು. ರೈತರು ಸೋತರು. ರಸ್ತೆ ಪಕ್ಕದ ಹೊಲ ಇದ್ದವರು ತುಂಡು ತುಂಡಾಗಿ ಮಾರಿದರು. ಊರಿಂದ ಊರಿಗೆ ರಸ್ತೆಯುದ್ದಕ್ಕೂ ಮನೆಗಳ ಸಾಲು ಬೆಳೀತು. ಅದನ್ನ ತಡೆಯೋಕೆ 1935ರಲ್ಲಿ ಒಂದು ಕಾನೂನು ಬಂತು, ಅಷ್ಟಾಗಿ ಕೆಲಸ ಮಾಡಲಿಲ್ಲ. ಓದ್ತಾ ಓದ್ತಾ ನನಗೆ ನಮ್ಮ ಹೆದ್ದಾರಿ ಪಕ್ಕದ ಹೊಲಗಳೇ ಕಣ್ಮುಂದೆ ಬಂದ್ವು.

ಎರಡನೇ ಮಹಾಯುದ್ಧ ಎಲ್ಲವನ್ನೂ ಬದಲಾಯಿಸಿತು. ಹಡಗಿನಲ್ಲಿ ಬರ್ತಿದ್ದ ಆಹಾರಕ್ಕೆ ಜರ್ಮನಿಯ ಜಲಾಂತರ್ಗಾಮಿಗಳು ಅಡ್ಡ ನಿಂತ ಮೇಲೆ, ತಿನ್ನೋದು ನಮ್ಮ ನೆಲದಲ್ಲೇ ಬೆಳೀಬೇಕು ಅನ್ನೋದು ಅವರಿಗೆ ಅರ್ಥ ಆಯ್ತು. 1942ರಲ್ಲಿ ನ್ಯಾಯಮೂರ್ತಿ ಸ್ಕಾಟ್ ಅವರ ಸಮಿತಿ, ಒಳ್ಳೆ ಕೃಷಿ ಭೂಮಿ ಕೃಷಿಗೇ ಉಳೀಬೇಕು ಅಂತ ವರದಿ ಕೊಟ್ಟಿತು. 1947ರ ಆಗಸ್ಟ್‌ನಲ್ಲಿ, ಅಂದ್ರೆ ನಮಗೆ ಸ್ವಾತಂತ್ರ್ಯ ಬಂದ ಅದೇ ತಿಂಗಳು, ಅಲ್ಲಿ ಎರಡು ದೊಡ್ಡ ಕಾನೂನುಗಳಾದವು. ಒಂದು ಕೃಷಿ ಕಾಯಿದೆ, ಇನ್ನೊಂದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. 1948ರ ಜುಲೈ 1ರಿಂದ ಜಮೀನು ನಿನ್ನದೇ ಆದರೂ ಅದರಲ್ಲಿ ಕಟ್ಟೋದಕ್ಕೆ, ಅದರ ಬಳಕೆ ಬದಲಾಯಿಸೋದಕ್ಕೆ ಸ್ಥಳೀಯ ಆಡಳಿತವನ್ನ ಕೇಳಬೇಕು ಅಂತ ಆಯ್ತು.

ರೈತನಿಗೆ ಮಾತ್ರ ವಿನಾಯಿತಿ. ಜಮೀನನ್ನ ಕೃಷಿಗೆ ಬಳಸೋಕೆ ಯಾರನ್ನೂ ಕೇಳಬೇಕಿಲ್ಲ. ಕೃಷಿಗೆ ಬೇಕಾದ ಕಣಜ, ಕೊಟ್ಟಿಗೆಗಳಿಗೂ ಒಂದು ಮಿತಿಯೊಳಗೆ ಮೊದಲೇ ಒಪ್ಪಿಗೆ. ಹಾಗಾದರೆ ಕೃಷಿ ಅಂದ್ರೆ ಏನು? ಕಾಯಿದೆಯಲ್ಲಿ ಒಂದು ಪಟ್ಟಿ ಇದೆ: ತೋಟಗಾರಿಕೆ, ಹಣ್ಣು, ಬಿತ್ತನೆ ಬೀಜ, ಹೈನು, ಜಾನುವಾರು ಸಾಕಣೆ, ಮೇವಿಗೆ ಬಿಟ್ಟ ಹುಲ್ಲುಗಾವಲು. 'ಜಾನುವಾರು' ಅನ್ನೋ ಪದದ ಪಕ್ಕ ಒಂದು ಬ್ರಾಕೆಟ್ ಹಾಕಿದ್ದಾರೆ. ಆಹಾರ, ಉಣ್ಣೆ, ಚರ್ಮಕ್ಕಾಗಿ ಸಾಕೋ ಪ್ರಾಣಿ ಮತ್ತು ಬೇಸಾಯದ ಕೆಲಸಕ್ಕೆ ಬಳಸೋ ಪ್ರಾಣಿ ಇದರಲ್ಲಿ ಸೇರುತ್ತೆ ಅಂತ. ಇಡೀ ಕಥೆ ನಿಂತಿರೋದು ಈ ಬ್ರಾಕೆಟ್ ಮೇಲೆ.

ಅದನ್ನ ಬರೆದಾಗ ಯಾರಿಗೂ ತೊಂದರೆ ಕಾಣಲಿಲ್ಲ. ನಮಗೆ ಎತ್ತು ಹೇಗೋ ಅವರಿಗೆ ಹಾಗೆ ಕುದುರೆ. ಉಳೋದು, ಗಾಡಿ ಎಳೆಯೋದು ಎಲ್ಲಾ ಅದೇ. 1947ರಲ್ಲಿ ಎಷ್ಟೋ ಹೊಲಗಳಲ್ಲಿ ಇನ್ನೂ ಕುದುರೆ ನೇಗಿಲೇ ಓಡ್ತಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು. ಹದಿನೈದು ವರ್ಷದಲ್ಲಿ ಉಳೋ ಕುದುರೆ ಹೆಚ್ಚುಕಡಿಮೆ ಮಾಯ ಆಯ್ತು. ಉಳಿದಿದ್ದು ಸವಾರಿಗೆ, ಪಂದ್ಯಕ್ಕೆ, ಶೋಕಿಗೆ ಸಾಕೋ ಕುದುರೆ. ಕುದುರೆ ಬದಲಾಯ್ತು, ಬ್ರಾಕೆಟ್ ಮಾತ್ರ ಹಾಗೇ ಉಳೀತು.

1962ರಲ್ಲಿ ಬೆಲ್ಮಾಂಟ್ ಫಾರ್ಮ್ ಅನ್ನೋ ಕಂಪನಿಯ ಮೊಕದ್ದಮೆ ಕೋರ್ಟಿಗೆ ಬಂತು. ಬೇಲಿ ಹಾರೋ ಸ್ಪರ್ಧೆಗೆ ಕುದುರೆಗಳ ತಳಿ ಬೆಳೆಸಿ ಪಳಗಿಸೋದು ಅವರ ಕೆಲಸ. ಜಾನುವಾರು ಸಾಕ್ತಿದ್ದೀವಿ, ಇದು ಕೃಷಿ ಅಂತ ಅವರ ವಾದ. ಕೋರ್ಟ್ ಒಪ್ಪಲಿಲ್ಲ. ಈ ಕುದುರೆ ತಿನ್ನೋಕಲ್ಲ, ಉಳೋಕೂ ಅಲ್ಲ, ಹಾಗಾಗಿ ಇದು ಕೃಷಿ ಅಲ್ಲ ಅಂದುಬಿಟ್ಟಿತು. ತಾತನ ಕಾಲದ ಕುದುರೆ ಕೃಷಿ, ಮೊಮ್ಮಗನ ಕುದುರೆ ಕೃಷಿ ಅಲ್ಲ.

ಪಟ್ಟಿಯಲ್ಲಿ 'ಹುಲ್ಲುಗಾವಲು' ಕೂಡ ಇತ್ತಲ್ಲ, ಆ ಬಾಗಿಲನ್ನ ಕೋರ್ಟ್ ಪೂರ್ತಿ ಮುಚ್ಚಲಿಲ್ಲ. 1981ರ ಸೈಕ್ಸ್ ಮೊಕದ್ದಮೆಯಲ್ಲಿ ಹೇಳಿದ್ದು ಇಷ್ಟು: ಕುದುರೆಯನ್ನ ಮೇಯೋಕೆ ಬಿಟ್ಟಿದ್ದರೆ ಅದು ಕೃಷಿಯೇ. ಮೇವೆಲ್ಲ ಹೊರಗಿಂದ ತಂದು ಹಾಕಿ, ಹೊಲವನ್ನ ಬರೀ ಕುದುರೆ ಇಟ್ಕೊಳ್ಳೋಕೆ, ಓಡಾಡಿಸೋಕೆ ಬಳಸ್ತಿದ್ದರೆ, ಮಧ್ಯೆ ನಾಲ್ಕು ಬಾಯಿ ಹುಲ್ಲು ತಿಂದ ಮಾತ್ರಕ್ಕೆ ಅದು ಕೃಷಿ ಆಗಲ್ಲ. ಎಷ್ಟು ಕುದುರೆಗೆ ಎಷ್ಟು ಹುಲ್ಲು ಇದೆ ಅಂತ ಲೆಕ್ಕ ಹಾಕೋ ಕಾಲ ಬಂತು ನೋಡಿ.

ಈಗಿನ ಲೆಕ್ಕ ಕೇಳಿದ್ರೆ ಆಶ್ಚರ್ಯ ಆಗುತ್ತೆ. 5 ಹೆಕ್ಟೇರ್, ಅಂದ್ರೆ 12 ಎಕರೆ ದಾಟಿದ ರೈತ ಆಡಳಿತಕ್ಕೆ ಮೊದಲೇ ತಿಳಿಸಿ, ಪೂರ್ತಿ ಅರ್ಜಿ ಇಲ್ಲದೇನೇ, ದೊಡ್ಡ ಕೃಷಿ ಕಟ್ಟಡ ಕಟ್ಟಬಹುದು. ಅದರ ಮಿತಿ ಮೊದಲು 465 ಚದರ ಮೀಟರ್ ಇತ್ತು. 2018ರಲ್ಲಿ 1,000 ಆಯ್ತು, 2024ರಲ್ಲಿ 1,500. ಅದೇ ಹೊಲದಲ್ಲಿ ಎರಡು ಕುದುರೆಗೆ ಲಾಯ ಕಟ್ಟೋಕೆ ಪೂರ್ತಿ ಅರ್ಜಿ ಹಾಕಬೇಕು. ನೆಲ ಅಗೆದು ಮರಳು ಹಾಸಿ ಸವಾರಿ ಅಂಗಳ ಮಾಡೋಕೂ ಅರ್ಜಿ. ಒಪ್ಪಿಗೆ ಸಿಕ್ಕರೂ ಷರತ್ತು ಹಾಕೋದು ಮಾಮೂಲು: ಸ್ವಂತಕ್ಕೆ ಮಾತ್ರ, ವ್ಯಾಪಾರ ಕೂಡದು, ಫ್ಲಡ್‌ಲೈಟ್ ಹಾಕಬಾರದು, ಲದ್ದಿ ಗುಡ್ಡೆ ಇಂಥ ಕಡೆನೇ ಇರಬೇಕು. ಅದಕ್ಕೇ ಕೆಲವರು ಅಡಿಗೆ ಜಾರುಬಂಡಿ ಹಾಕಿ ಟ್ರ್ಯಾಕ್ಟರ್‌ನಲ್ಲಿ ಎಳೆದು ಜಾಗ ಬದಲಾಯಿಸೋ ಗೂಡು ಮಾಡ್ಕೊಂಡ್ರು. ನೆಲಕ್ಕೆ ಕಚ್ಚಿಲ್ಲ, ಇದು ಕಟ್ಟಡ ಅಲ್ಲ ಅಂತ ಅವರ ವಾದ. ಕೋರ್ಟ್‌ಗಳು ಅದರ ಗಾತ್ರ, ಎಷ್ಟು ದಿನ ಒಂದೇ ಕಡೆ ನಿಂತಿರುತ್ತೆ, ನೆಲಕ್ಕೆ ಎಷ್ಟು ಅಂಟಿದೆ ಅನ್ನೋದನ್ನ ನೋಡಿ ತೀರ್ಮಾನ ಮಾಡ್ತವೆ.

ಇದು ನ್ಯಾಯವಾ? ನನಗೆ ಎರಡೂ ಕಡೆ ಕಾಣ್ಸುತ್ತೆ. ಆ ಬ್ರಾಕೆಟ್ ಇಲ್ಲದಿದ್ದರೆ ದುಡ್ಡಿದ್ದವರು ಒಂದೊಂದು ಕುದುರೆ ತೋರಿಸಿ ಒಂದೊಂದು ಕಟ್ಟಡ ಎಬ್ಬಿಸ್ತಿದ್ರು, ಒಳ್ಳೆ ಹೊಲ ತುಂಡಾಗ್ತಿತ್ತು. ಇನ್ನೊಂದು ಕಡೆ, ಬೆಳೆಯಿಂದ ಬದುಕೋಕೆ ಆಗದೆ ಎರಡು ಲಾಯ ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸೋ ಸಣ್ಣ ರೈತನೂ ಅದೇ ಬ್ರಾಕೆಟ್‌ಗೆ ಸಿಕ್ಕಿಬೀಳ್ತಾನೆ. ಕಾನೂನು ನೋಡೋದು ಪ್ರಾಣಿಯ ಕಾಲನ್ನಲ್ಲ, ನೆಲದ ಬಳಕೆಯನ್ನ. ಯಾವುದು ಕೃಷಿ ಅಂತ ಒಂದು ಕಾಲದಲ್ಲಿ ಬರೆದಿಟ್ಟ ನಾಲ್ಕು ಪದ, ಬೇಸಾಯ ಬದಲಾದ ಮೇಲೂ ನಮ್ಮ ಮಕ್ಕಳ ಕಾಲದವರೆಗೆ ಆಳುತ್ತೆ.

ನಮ್ಮ 1964ರ ಭೂ ಕಂದಾಯ ಕಾಯಿದೆಯ 95ನೇ ಕಲಮೂ ಇದೇ ದಾರೀಲಿದೆ. ಬೇಸಾಯ ಚೆನ್ನಾಗಿ ಮಾಡೋಕೆ ಬೇಕಾದ ಕಟ್ಟಡ, ಬಾವಿ ನಾವು ಮಾಡ್ಕೋಬಹುದು. ಬೇರೆ ಉಪಯೋಗಕ್ಕೆ ಅಂದ್ರೆ ಭೂ ಪರಿವರ್ತನೆ, ಡಿಸಿ ಅನುಮತಿ. ನಾಳೆ ಅಧಿಕಾರಿ ಬಂದು ನಿಂತರೆ ಕೇಳೋದು 'ಇಲ್ಲಿ ಏನು ಕಟ್ಟಿದ್ದೀರಿ' ಅಂತ ಮಾತ್ರ ಅಲ್ಲ, 'ಯಾತಕ್ಕೆ ಕಟ್ಟಿದ್ದೀರಿ' ಅಂತಾನೂ. ಪಹಣಿಯಲ್ಲಿ ಇರೋದು ನನ್ನ ಹೆಸರು, ಉತ್ತರ ಕೊಡಬೇಕಾದವನೂ ನಾನೇ.

ಆ ಬೆಂಗಳೂರಿನವರಿಗೆ ಮೊನ್ನೆ ಹೇಳಿ ಕಳಿಸಿದೆ. "ಸಾರ್, ರಾಗಿ ಕೊಯ್ದ ಮೇಲೆ ಕೂಳೆ ಹೊಲದಲ್ಲಿ ನಿಮ್ಮ ಕುದುರೆ ಮೇಯಲಿ, ದುಡ್ಡು ಬೇಡ, ಲದ್ದಿ ನನ್ನ ಹೊಲಕ್ಕೆ ಬಿದ್ದರೆ ಸಾಕು. ಲಾಯ ಮಾತ್ರ ಕಾಗದಪತ್ರ ಸರಿ ಆಗೋವರೆಗೂ ಬೇಡ." ಬಾಡಿಗೆ ಹೋಯ್ತು ಅಂತ ಮನೇಲಿ ಸ್ವಲ್ಪ ಬೇಜಾರಿದೆ. ನೀವಾಗಿದ್ರೆ ಏನು ಮಾಡ್ತಿದ್ರಿ, ಸಂತೆಯಲ್ಲಿ ಸಿಕ್ಕಾಗ ಹೇಳಿ.