ಸಸ್ಯಸಂಯುಕ್ತಗಳ ಎಸ್ಟರೀಕರಣ ಮತ್ತು ಅಚಲೀಕೃತ ಕಿಣ್ವಗಳು: ಒಂದು ಚಾರಿತ್ರಿಕ ಅವಲೋಕನ

ಜೀರ್ಣಾಂಗದಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವವೇ ತಕ್ಕ ಸನ್ನಿವೇಶದಲ್ಲಿ ಆಮ್ಲವನ್ನೂ ಆಲ್ಕೊಹಾಲನ್ನೂ ಬೆಸೆದು ಎಸ್ಟರನ್ನು ಕಟ್ಟಬಲ್ಲುದು. ಈ ವಿಧಾನವನ್ನು ಇಪ್ಪತ್ತನೆಯ ಶತಮಾನದ ಅಂತ್ಯಭಾಗದ ಸಾಧನೆಯೆಂದು ಪರಿಗಣಿಸುವುದುಂಟು. ಆದರೆ ಅದರ ಮೂಲತತ್ತ್ವವು 1900ರಷ್ಟು ಹಿಂದೆಯೇ ಪ್ರಯೋಗದಿಂದ ಸಿದ್ಧಪಟ್ಟಿತ್ತು. ತತ್ತ್ವಕ್ಕೂ ಬಳಕೆಗೂ ನಡುವೆ ಇಷ್ಟು ದೀರ್ಘ ಅಂತರವೇಕೆ ಉಂಟಾಯಿತೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಿಣ್ವಕ್ರಿಯೆ ಹಿಮ್ಮುಖವಾಗಿಯೂ ನಡೆಯಬಲ್ಲುದೆಂದು ಕ್ರಾಫ್ಟ್ ಹಿಲ್ 1898ರಲ್ಲಿ ಮಾಲ್ಟೇಸನ್ನು ಕುರಿತ ಅಧ್ಯಯನದಲ್ಲಿ ಪ್ರತಿಪಾದಿಸಿದನು. 1900ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಲೋವನ್‌ಹಾರ್ಟ್ ಲೈಪೇಸಿನ ನೆರವಿನಿಂದ ಬ್ಯುಟಿರಿಕ್ ಆಮ್ಲ ಹಾಗೂ ಇಥೈಲ್ ಆಲ್ಕೊಹಾಲುಗಳಿಂದ ಇಥೈಲ್ ಬ್ಯುಟಿರೇಟನ್ನು ಪಡೆದರು. ಆದರೆ ಜಲಮಾಧ್ಯಮದಲ್ಲಿ ಸಮತೋಲನವು ವಿಭಜನೆಯ ಕಡೆಗೇ ವಾಲುತ್ತದೆ. ಕರಗಿದ ಕಿಣ್ವವನ್ನು ಮರಳಿ ಪಡೆಯುವುದೂ ಕಷ್ಟ. ನೀರು ಮತ್ತು ನಷ್ಟ – ಇವೇ ಆ ಎರಡು ತೊಡಕುಗಳು.

ನಷ್ಟಕ್ಕೆ ಪರಿಹಾರ ಮೊದಲು ಗೋಚರಿಸಿತು. ಇದ್ದಿಲಿಗೆ ಅಂಟಿಕೊಂಡ ಇನ್ವರ್ಟೇಸ್ ತನ್ನ ಕ್ರಿಯಾಶಕ್ತಿಯನ್ನು ಉಳಿಸಿಕೊಳ್ಳುತ್ತದೆಂದು ನೆಲ್ಸನ್ ಮತ್ತು ಗ್ರಿಫಿನ್ 1916ರಲ್ಲಿ ವರದಿ ಮಾಡಿದರು. ಅರ್ಧ ಶತಮಾನದ ತರುವಾಯ, 1969ರಲ್ಲಿ, ಜಪಾನಿನ ತನಾಬೆ ಸೇಯಾಕು ಸಂಸ್ಥೆಯಲ್ಲಿ ಇಚಿರೊ ಚಿಬಾಟ ಮತ್ತು ಸಂಗಡಿಗರು ಅಚಲೀಕೃತ ಅಮೈನೊಅಸೈಲೇಸನ್ನು ಅಮೈನೊ ಆಮ್ಲಗಳ ಕೈಗಾರಿಕಾ ಉತ್ಪಾದನೆಯಲ್ಲಿ ಅಳವಡಿಸಿದರು. ನೀರಿನ ತೊಡಕು ಮಾತ್ರ ಉಳಿದಿತ್ತು. ಹಂದಿಯ ಮೇದೋಜೀರಕದ ಲೈಪೇಸ್ ಬಹುತೇಕ ನೀರಿಲ್ಲದ ಸಾವಯವ ದ್ರಾವಕದಲ್ಲಿ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಕ್ರಿಯಾಶೀಲವಾಗಿರುತ್ತದೆಂದು ಜಾಕ್ಸ್ ಮತ್ತು ಕ್ಲಿಬನೋವ್ 1984ರಲ್ಲಿ ತೋರಿಸಿದುದು ಈ ಕಾರಣದಿಂದ ಮಹತ್ತ್ವದ್ದು.

ಈ ಎರಡು ಧಾರೆಗಳ ಸಂಗಮದ ಫಲವು ಸಸ್ಯಸಂಯುಕ್ತಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚಕ್ಕೋತದ ಜಾತಿಯ ಹಣ್ಣುಗಳಲ್ಲಿರುವ ಕಹಿಯಾದ ನರಿಂಜಿನ್, ಸಕ್ಕರೆಯೊಡಗೂಡಿದ ಫ್ಲೇವನಾಯ್ಡ್. ಎಣ್ಣೆಯಲ್ಲಿ ಅದರ ಕರಗುವಿಕೆ ಕಡಿಮೆ. ಕೊಬ್ಬಿನಾಮ್ಲದೊಡನೆ ಎಸ್ಟರಾದಾಗ ಈ ಕೊರತೆ ತಗ್ಗುತ್ತದೆ. ಅನೇಕ ಹೈಡ್ರಾಕ್ಸಿಲ್ ಗುಂಪುಗಳುಳ್ಳ ಇಂಥ ಅಣುವಿನಲ್ಲಿ ಸಾಮಾನ್ಯ ರಾಸಾಯನಿಕ ವಿಧಾನವು ಒಂದನ್ನೇ ಆರಿಸಲಾರದು. ಕ್ಯಾಂಡಿಡಾ ಅಂಟಾರ್ಕ್ಟಿಕಾದ ಲೈಪೇಸ್ 'ಬಿ' ಯಾದರೋ ಗ್ಲೂಕೋಸಿನ ಆರನೆಯ ಇಂಗಾಲದ ಹೈಡ್ರಾಕ್ಸಿಲನ್ನೇ ಮುಖ್ಯವಾಗಿ ಆಯ್ದುಕೊಳ್ಳುತ್ತದೆ. ಅಕ್ರಿಲಿಕ್ ರಾಳದ ಮಣಿಗಳ ಮೇಲೆ ಅಚಲೀಕರಿಸಿದ ಈ ಕಿಣ್ವವನ್ನು ಕ್ರಿಯೆಯ ನಂತರ ಸೋಸಿ, ತೊಳೆದು, ಪುನಃ ಬಳಸಬಹುದು.

ಆದರೂ ಮರುಬಳಕೆ ಅನಂತವಲ್ಲ. ಎಸ್ಟರಿನೊಡನೆ ಹುಟ್ಟುವ ನೀರನ್ನು ನಿರಂತರವಾಗಿ ತೆಗೆಯಬೇಕು. ಕಲಕುವಿಕೆಯಿಂದ ಮಣಿಗಳು ಸವೆಯುತ್ತವೆ. ಕಿಣ್ವವು ಆಧಾರದಿಂದ ಕಳಚಲೂಬಹುದು. ಆದುದರಿಂದ ಒಂದು ಬಾರಿಯ ಇಳುವರಿಯಷ್ಟೇ ಅಲ್ಲದೆ, ಸತತ ಬಳಕೆಗಳಲ್ಲಿ ಉಳಿಯುವ ಕ್ರಿಯಾಶಕ್ತಿಯೂ ಸಂಶೋಧನೆಯ ಅಳತೆಗೋಲಾಗಬೇಕು. 1900ರ ಪ್ರಯೋಗ ಫಲಿಸಲು ತಡವಾದುದು ತತ್ತ್ವದ ದೋಷದಿಂದಲ್ಲ, ಸಾಧನದ ಅಭಾವದಿಂದ. ಪ್ರಥಮಗಳ ಪಟ್ಟಿಗಿಂತ, ತೊಡಕುಗಳು ಪರಿಹಾರಗೊಂಡ ಕ್ರಮವೇ ಈ ಶಾಸ್ತ್ರದ ನಿಜವಾದ ಚರಿತ್ರೆಯೆನ್ನಬಹುದು.