ತೋಟಕ್ಕೆ ಆಟೋಮ್ಯಾಟಿಕ್ ಮಳೆ ಮಾಪಕ ತಗೊಳ್ತೀರಾ? ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ

ಜೂನ್ ಶುರುವಾಯ್ತು ಅಂದ್ರೆ ತೀರ್ಥಹಳ್ಳಿ, ಹೊಸನಗರ, ಕೊಪ್ಪ ಕಡೆ ಹೋಟ್ಲಲ್ಲಿ ಕಾಫಿ ಬರೋಕೂ ಮುಂಚೆ ಬರೋ ಪ್ರಶ್ನೆ ಒಂದೇ: ‘ನಿನ್ನೆ ನಿಮ್ಮಲ್ಲಿ ಎಷ್ಟು ಇಂಚು?’ ಒಬ್ರು ನಾಲ್ಕು ಅಂದ್ರೆ ಪಕ್ಕದ ಟೇಬಲ್‌ನವರು ಆರು ಅಂತಾರೆ. ಇಬ್ಬರ ತೋಟಕ್ಕೂ ನಡುವೆ ಇರೋದು ಒಂದು ಗುಡ್ಡ ಅಷ್ಟೆ. ಯಾರೂ ಸುಳ್ಳು ಹೇಳ್ತಿಲ್ಲ. ಮಲೆನಾಡಲ್ಲಿ ಮಳೆ ಬೀಳೋದೇ ಹಾಗೆ.

ಅಂಗಳದಲ್ಲಿ ಗಾಜಿನ ಅಳತೆ ಜಾಡಿ ಇಟ್ಟು, ದಿನಾ ಬೆಳಗ್ಗೆ ನೋಡಿ ಡೈರಿಯಲ್ಲಿ ಬರೆದಿಡೋ ರೂಢಿ ಹಲವು ತೋಟದ ಮನೆಗಳಲ್ಲಿ ಇದೆ. ಈಗ ಆ ಜಾಗಕ್ಕೆ ತಾನೇ ಅಳೆದು ಮೊಬೈಲ್‌ಗೆ ಲೆಕ್ಕ ಕಳಿಸುವ ಮಾಪಕ ಬರ್ತಿದೆ. ಹವಾಮಾನ ಆಧಾರಿತ ಬೆಳೆ ವಿಮೆ ಬಂದ ಮೇಲಂತೂ ಮಳೆಯ ಲೆಕ್ಕ ದುಡ್ಡಿನ ಲೆಕ್ಕವೇ ಆಗಿದೆ. ಹಾಗಾಗಿ ವಿಮೆ ವಿಷಯದಿಂದಲೇ ಶುರು ಮಾಡೋದು ಒಳ್ಳೇದು.

ವಿಮೆಗೆ ಯಾವ ಮಾಪಕದ ಲೆಕ್ಕ?

‘ಸ್ವಂತ ಮಾಪಕ ಹಾಕಿಸಿದ್ರೆ ವಿಮೆ ಗ್ಯಾರಂಟಿ’ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಅಡಿಕೆ, ಕಾಳುಮೆಣಸಿಗೆ ಇರುವ ಈ ವಿಮೆಯಲ್ಲಿ ಅಧಿಕಾರಿಗಳು ತೋಟಕ್ಕೆ ಬಂದು ಕೊಳೆತ ಕಾಯಿ ಎಣಿಸೋದಿಲ್ಲ. ನಿಮ್ಮ ಪಂಚಾಯ್ತಿಗೆ ಗೊತ್ತುಪಡಿಸಿದ ಮಾಪಕದಲ್ಲಿ ಎಷ್ಟು ಮಳೆ ದಾಖಲಾಯ್ತು, ಆ ಬೆಳೆಗೆ ಹಾಕಿರುವ ಮಿತಿ ದಾಟಿತಾ ಇಲ್ವಾ, ಇಷ್ಟೇ ನೋಡೋದು. ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ರೈತರು ಕಟ್ಟೋದು ವಿಮಾ ಮೊತ್ತದ ಗರಿಷ್ಠ ಶೇ 5.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಾಪಕ ಇಟ್ಟಿದೆ. ಸೋಲಾರ್ ಪ್ಯಾನೆಲ್ ಹೊತ್ತು ಪಂಚಾಯ್ತಿ ಕಚೇರಿ, ಶಾಲೆ ಹತ್ತಿರ ನಿಂತಿರುತ್ತಲ್ಲ, ಅದೇ. 15 ನಿಮಿಷಕ್ಕೊಮ್ಮೆ ದಾಖಲಾಗುವ ಮಳೆ ಲೆಕ್ಕ ಅಲ್ಲಿಂದ ಬೆಂಗಳೂರಿಗೆ ಹೋಗುತ್ತೆ. ನಿಮ್ಮ ಅಂಗಳದ ಮಾಪಕ ಎಷ್ಟೇ ದುಬಾರಿ ಆಗಿರಲಿ, ವಿಮೆ ಲೆಕ್ಕಕ್ಕೆ ಬರಲ್ಲ.

ಹಾಗಂತ ಅದು ದಂಡವೂ ಅಲ್ಲ. ಪಂಚಾಯ್ತಿ ಮಾಪಕದ ಮೇಲೆ ಮರ ಬೆಳೆದು ನಿಂತಿದ್ರೆ, ಆಲಿಕೆ ಕಟ್ಟಿಕೊಂಡು ವಾರಗಟ್ಟಲೆ ಸೊನ್ನೆ ತೋರಿಸ್ತಿದ್ರೆ, ‘ನಮ್ಮಲ್ಲಿ ಮಳೆ ಜಾಸ್ತಿ ಬಂದಿದೆ’ ಅಂತ ಬರೀ ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ಅದೇ ನಾಲ್ಕೈದು ಮನೆಯವರು ಒಂದೇ ಹೊತ್ತಿಗೆ ಅಳೆದು, ದಿನಾಂಕ ಸಮೇತ ಬರೆದಿಟ್ಟ ಪಟ್ಟಿ ಜೋಡಿಸಿ ಅರ್ಜಿ ಕೊಟ್ರೆ ಮಾಪಕ ಪರೀಕ್ಷೆ ಮಾಡಿ ಅಂತ ಕೇಳೋಕೆ ಒಂದು ಆಧಾರ ಇರುತ್ತೆ. ಇದನ್ನ ಮಳೆಗಾಲ ನಡೀತಿರುವಾಗಲೇ ಮಾಡಬೇಕು. ಪರಿಹಾರ ಬಂದಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಆಲಿಕೆಯಲ್ಲಿದ್ದ ತರಗೆಲೆ ಹಾರಿ ಹೋಗಿರುತ್ತೆ.

ಒಳಗೆ ಇರೋದು ಏನು

ಹೆಚ್ಚಿನ ಆಟೋಮ್ಯಾಟಿಕ್ ಮಾಪಕಗಳ ಒಳಗಿರೋದು ಟಿಪ್ಪಿಂಗ್ ಬಕೆಟ್. ಆಲಿಕೆಯಿಂದ ಇಳಿದ ನೀರು ಎರಡು ಪುಟ್ಟ ಚಮಚದಂಥ ಬಟ್ಟಲಿಗೆ ಬೀಳುತ್ತೆ. ಒಂದು ತುಂಬಿದ ಕೂಡಲೇ ಪಾರ್ಕಿನ ಸೀಸಾ ಹಲಗೆ ಥರ ಮಗುಚಿ ಇನ್ನೊಂದು ಮೇಲೆ ಬರುತ್ತೆ. ಪ್ರತಿ ಸಲ ಮಗುಚಿದಾಗಲೂ ಒಂದು ಆಯಸ್ಕಾಂತ ಸ್ವಿಚ್ ಮುಂದೆ ಹಾದು ಒಂದು ಎಣಿಕೆ ಬೀಳುತ್ತೆ. ಅಷ್ಟೇ ಯಂತ್ರ.

ಒಂದು ಎಣಿಕೆ ಅಂದ್ರೆ ಎಷ್ಟು ಮಳೆ ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ. 0.2 ಮಿ.ಮೀ. ಇರುತ್ತೆ, 0.5 ಇರುತ್ತೆ. ಸಂಖ್ಯೆ ಸಣ್ಣದಾದಷ್ಟೂ ಒಳ್ಳೇದು ಅಂತ ಅಂಗಡೀಲಿ ಹೇಳ್ತಾರೆ. ಬಯಲುಸೀಮೆಯಲ್ಲಿ ಹನಿ ಮಳೆಯೂ ಲೆಕ್ಕ ಅನ್ನೋರಿಗೆ ಅದು ಸರಿ. ದಿನಕ್ಕೆ 100 ಮಿ.ಮೀ. ಸುರಿಯೋ ಕಡೆ 0.1ಕ್ಕೆ ಹೆಚ್ಚು ದುಡ್ಡು ಕೊಡೋದ್ರಲ್ಲಿ ಅರ್ಥ ಇಲ್ಲ.

ಇಲ್ಲಿನವರು ಕೇಳಬೇಕಾದ್ದು ಬೇರೆ: ಜಡಿಮಳೆಯಲ್ಲಿ ಎಷ್ಟು ತಪ್ಪುತ್ತೆ? ಬಟ್ಟಲು ಮಗುಚುವ ಆ ಒಂದು ಕ್ಷಣದಲ್ಲೂ ಮೇಲಿಂದ ನೀರು ಬೀಳ್ತಾನೇ ಇರುತ್ತೆ. ಆ ನೀರು ಲೆಕ್ಕಕ್ಕೆ ಸಿಗಲ್ಲ. ಸೋನೆ ಮಳೆಯಲ್ಲಿ ಇದು ಗೊತ್ತೇ ಆಗಲ್ಲ. ಧೋ ಅಂತ ಸುರಿದಾಗ ಮಾಪಕ ಕಮ್ಮಿ ತೋರಿಸೋದು ಇದರಿಂದಲೇ. ಒಳ್ಳೆ ತಯಾರಕರು ಗಂಟೆಗೆ ಎಷ್ಟು ಮಿ.ಮೀ. ರಭಸದವರೆಗೆ ಎಷ್ಟು ಶೇಕಡಾ ತಪ್ಪು ಅಂತ ಕಾಗದದಲ್ಲಿ ಕೊಟ್ಟಿರ್ತಾರೆ. ಆ ಕಾಗದ ಇಲ್ಲದ ಮಾಪಕ ಮಲೆನಾಡಿಗೆ ಬೇಡ.

ಬಾಯಿಯ ಅಗಲವನ್ನೂ ಅಳೆದು ನೋಡಿ. ನಮ್ಮ ಹವಾಮಾನ ಇಲಾಖೆ ಬಳಸುವ ಕೈ ಅಳತೆಯ ಮಾಪಕಗಳಲ್ಲಿ ಬಾಯಿ 100 ಅಥವಾ 200 ಚದರ ಸೆಂ.ಮೀ. ಇರುತ್ತೆ. ಬಾಯಿ ಚಿಕ್ಕದಾದಷ್ಟೂ ಗಾಳಿಗೆ, ಅಂಚಿಗೆ ಸಿಡಿಯುವ ಹನಿಗೆ ತಪ್ಪು ಜಾಸ್ತಿ. ಹನಿ ಬಡಿಯೋ ಸದ್ದಿನಿಂದ ಮಳೆ ಅಳೆಯೋ, ಬಟ್ಟಲೇ ಇಲ್ಲದ ಮಾದರಿಗಳೂ ಬಂದಿವೆ. ಕಸ ಕಟ್ಟಲ್ಲ ಅನ್ನೋದು ಅವುಗಳ ಲಾಭ. ಜುಮುರು ಮಳೆ, ಮಂಜು ಹನಿ ಅವುಗಳ ಕಿವಿಗೆ ಸರಿಯಾಗಿ ಬೀಳಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಾಯಿ 16 ಸೆಂ.ಮೀ. ಅಗಲ ಇದ್ರೆ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ. ಅರ್ಧ ಲೀಟರ್ ನೀರನ್ನ ಬಾಟಲಿ ಮುಚ್ಚಳಕ್ಕೆ ಸೂಜಿ ತೂತು ಮಾಡಿ, ಒಂದು ಗಂಟೆ ಹಿಡಿಯೋ ಹಾಗೆ ನಿಧಾನ ಬಿಡಿ. 25 ಮಿ.ಮೀ. ತೋರಿಸಬೇಕು. 24 ಅಥವಾ 26 ಬಂದ್ರೆ ನಡೆಯುತ್ತೆ. 21 ಬಂದ್ರೆ ಬೇರೆ ಪೀಸ್ ಕೇಳಿ. ಒಂದು ಗಂಟೆ ಕೂರೋಕೆ ಬಿಡದ ಅಂಗಡಿಯವರು ಇರ್ತಾರೆ. ಆಗ ಮನೆಗೆ ತಂದು ಮಾಡಿ, ತಪ್ಪು ಬಂದ್ರೆ ವಾಪಸ್ ತಗೊಳ್ಳೋದಾಗಿ ಬಿಲ್ ಮೇಲೆ ಬರೆಸಿಕೊಳ್ಳಿ. ತಾಲ್ಲೂಕಿನ ಅಂಗಡಿಯವರಿಗೂ ಇದು ಒಳ್ಳೇದೇ. ಒಂದು ಸೆಟ್ ಟೇಬಲ್ ಮೇಲೆ ಇಟ್ಟು ನೀರು ಬಿಟ್ಟು ತೋರಿಸಿದ್ರೆ ಗಿರಾಕಿ ಆನ್‌ಲೈನ್‌ಗೆ ಯಾಕೆ ಹೋಗ್ತಾನೆ?

ಸಿಗ್ನಲ್, ಸಿಮ್, ಬಿಸಿಲು

ಮಾಪಕ ಅಳೆದ ಲೆಕ್ಕ ನಿಮ್ಮ ತನಕ ಬರೋಕೆ ಎರಡು ದಾರಿ. ಒಂದು, ರೇಡಿಯೋ ಮೂಲಕ ಮನೆಯೊಳಗಿನ ಡಿಸ್‌ಪ್ಲೇಗೆ. ಪೆಟ್ಟಿಗೆ ಮೇಲೆ 100 ಮೀಟರ್ ಅಂತ ಬರೆದಿದ್ರೆ ಅದು ಬಯಲಿನ ಲೆಕ್ಕ. ಮಣ್ಣಿನ ಗೋಡೆ, ಅಡಿಕೆ ಸಾಲು, ಒದ್ದೆ ಎಲೆ ಎಲ್ಲ ದಾಟುವಾಗ ಅಷ್ಟು ದೂರ ಬರಲ್ಲ. ವಿದೇಶಿ ಮಾದರಿ ತರಿಸುವಾಗ ತರಂಗಾಂತರ ನೋಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಂಥ ಸಾಧನಕ್ಕೆ ಬಳಸಬಹುದಾದ್ದು 865ರಿಂದ 868 ಮೆಗಾಹರ್ಟ್ಸ್. ಅಮೆರಿಕದ 915ರ ಮಾಡೆಲ್ ಇಲ್ಲಿಗಲ್ಲ.

ಎರಡನೇದು ಸಿಮ್ ಇರುವ ಮಾಪಕ. ತೋಟದಲ್ಲಿ ಯಾವ ಕಂಪನಿ ಸಿಗ್ನಲ್ ಸಿಗುತ್ತೆ ಅಂತ ನೋಡಿ, ಆಮೇಲೆ ಮಾಪಕ ನೋಡಿ. 2ಜಿಯಲ್ಲಿ ಮಾತ್ರ ಕೆಲಸ ಮಾಡುವ ಹಳೇ ಮಾಡೆಲ್‌ಗೆ ಜಿಯೋ ಸಿಮ್ ಹಾಕಿದ್ರೆ ಪ್ರಯೋಜನ ಇಲ್ಲ, ಜಿಯೋಗೆ 2ಜಿ ಜಾಲವೇ ಇಲ್ಲ. ಆ್ಯಪ್‌ಗೆ ವರ್ಷಾ ವರ್ಷ ಚಂದಾ ಕಟ್ಟಬೇಕಾ, ಕಟ್ಟದಿದ್ರೆ ಹಳೇ ಲೆಕ್ಕ ಸಿಗುತ್ತಾ ಅಂತಲೂ ಕೇಳಿ. ಇನ್ನು ಸೋಲಾರ್. ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಮುಖ ತೋರಿಸಲ್ಲ. ಬಿಸಿಲಿಲ್ಲದೆ ಎಷ್ಟು ದಿನ ಬ್ಯಾಟರಿ ಬರುತ್ತೆ ಅನ್ನೋದಕ್ಕೆ ‘ಬರುತ್ತೆ ಸಾರ್’ ಅನ್ನೋದು ಉತ್ತರ ಅಲ್ಲ. ದಿನ ಎಣಿಸಿ ಹೇಳಬೇಕು.

ಎಲ್ಲಿ ಇಡೋದು

ಸಾವಿರಾರು ರೂಪಾಯಿ ಮಾಪಕ ತಂದು ಮರದ ಕೆಳಗೆ ಇಟ್ಟರೆ ಅದು ಅಳೆಯೋದು ಎಲೆಯಿಂದ ತೊಟ್ಟಿಕ್ಕೋ ನೀರನ್ನ. ಪಕ್ಕದ ಮರ, ಮಾಡು ಎಷ್ಟು ಎತ್ತರ ಇದ್ಯೋ ಅದರ ಎರಡರಷ್ಟಾದ್ರೂ ದೂರ ಇರಬೇಕು. 40 ಅಡಿ ಅಡಿಕೆ ಮರಕ್ಕೆ 80 ಅಡಿ. ತೋಟದೊಳಗೆ ಅಂಥ ಜಾಗ ಸಿಗೋದೇ ಇಲ್ಲ. ಗದ್ದೆ ಬಯಲು, ಅಡಿಕೆ ಒಣಗಿಸೋ ಅಂಗಳದ ಆಚೆಯ ಹುಲ್ಲು ಜಾಗ ನೋಡಿ. ಸಿಮೆಂಟ್ ಅಂಗಳದ ಮೇಲೆ ಇಟ್ಟರೆ ನೆಲದಿಂದ ಸಿಡಿದ ಹನಿಯೂ ಒಳಗೆ ಸೇರುತ್ತೆ. ಮಾಡಿನ ಮೇಲೂ ಬೇಡ, ಎತ್ತರ ಹೋದಷ್ಟೂ ಗಾಳಿ ಹನಿಯನ್ನ ಆಚೆ ಒಯ್ಯುತ್ತೆ. ಕಂಬ ಅಲ್ಲಾಡಬಾರದು, ಮಟ್ಟ ಹಿಡಿದು ಕೂರಿಸಬೇಕು. ಓರೆಯಾದ್ರೆ ಒಂದು ಬಟ್ಟಲು ಬೇಗ, ಇನ್ನೊಂದು ತಡವಾಗಿ ಮಗುಚುತ್ತೆ. ಮಂಗನ ಕಾಟ ಇರೋ ಕಡೆ ಸುತ್ತ ಬೇಲಿ ಹಾಕಿ ಅನ್ನೋ ಸಲಹೆ ಪುಸ್ತಕದಲ್ಲಿ ಚೆನ್ನಾಗಿರುತ್ತೆ; ಬೇಲಿ ಲೆಕ್ಕಿಸೋ ಮಂಗ ಈ ಕಡೆ ಇಲ್ಲ. ಬೋಲ್ಟ್ ಬಿಗಿಯಾಗಿರಲಿ.

ಎಂಟೂವರೆಯ ಲೆಕ್ಕ

‘ನಮ್ಮ ಮಾಪಕಕ್ಕೂ ಸರ್ಕಾರದ್ದಕ್ಕೂ ತಾಳೆ ಆಗಲ್ಲ’ ಅನ್ನೋ ದೂರು ಬಂದ್ರೆ ಮೊದಲು ನೋಡಬೇಕಾದ್ದು ಗಡಿಯಾರ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತೆ. 15ನೇ ತಾರೀಕಿನ ಲೆಕ್ಕ ಅಂದ್ರೆ 14ರ ಬೆಳಗ್ಗೆ 8.30ರಿಂದ 15ರ ಬೆಳಗ್ಗೆ 8.30ರವರೆಗಿನ ಮಳೆ. ಬಹಳಷ್ಟು ಆ್ಯಪ್‌ಗಳು ರಾತ್ರಿ 12ಕ್ಕೆ ದಿನ ಬದಲಿಸ್ತವೆ. ರಾತ್ರಿ ಹತ್ತಕ್ಕೆ ಹಿಡಿದ ಮಳೆ ನಾಲ್ಕರವರೆಗೆ ಹೊಡೆದ್ರೆ ಆ್ಯಪ್‌ನಲ್ಲಿ ಎರಡು ದಿನಕ್ಕೆ ಹಂಚಿ ಹೋಗುತ್ತೆ, ಸರ್ಕಾರದ ಪಟ್ಟಿಯಲ್ಲಿ ಒಂದೇ ದಿನ ಬರುತ್ತೆ. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದ್ರೆ ‘ಭಾರಿ ಮಳೆ’, 115.6 ಮುಟ್ಟಿದ್ರೆ ‘ಅತಿ ಭಾರಿ’ ಅಂತ ಇಲಾಖೆ ಹೇಳೋದು ಈ ಎಂಟೂವರೆ ಲೆಕ್ಕದ ಮೇಲೆ. ದಿನ ಶುರುವಾಗೋ ಹೊತ್ತನ್ನ ಬದಲಿಸೋ ಸೌಲಭ್ಯ ಇರುವ ಮಾಪಕವನ್ನೇ ಆರಿಸಿ. ಇಲ್ಲದಿದ್ರೆ ಗಂಟೆವಾರು ಲೆಕ್ಕ ಆದ್ರೂ ಡೌನ್‌ಲೋಡ್ ಆಗಬೇಕು.

ಹಿರಿಯರ ಡೈರಿಯಲ್ಲಿರೋದು ಇಂಚು, ಸೆಂಟ್ಸ್. ಒಂದು ಇಂಚು 25.4 ಮಿ.ಮೀ., ನೂರು ಸೆಂಟ್ಸ್‌ಗೆ ಒಂದು ಇಂಚು. 2 ಇಂಚು 40 ಸೆಂಟ್ಸ್ ಅಂದ್ರೆ 61 ಮಿ.ಮೀ. ಮನೆಯಲ್ಲಿ ಅಜ್ಜನ ಕಾಲದ ಡೈರಿ ಇದ್ರೆ ಹೊಸ ಮಾಪಕದ ಲೆಕ್ಕವನ್ನೂ ಅದೇ ಸಾಲಿನಲ್ಲಿ ಮುಂದುವರಿಸಿ, ಹೋಲಿಸೋಕೆ ಸಿಗುತ್ತೆ.

ಯಾರಿಗೆ ಬೇಕು, ಯಾರಿಗೆ ಬೇಡ

ದಿನಾ ಬೆಳಗ್ಗೆ ಮನೆಯಲ್ಲೇ ಇರೋ ಎರಡು ಮೂರು ಎಕರೆ ತೋಟದವರಿಗೆ ಕೆಲವು ನೂರು ರೂಪಾಯಿಯ ಕೈ ಅಳತೆ ಮಾಪಕವೇ ಸಾಕು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋಕೂ ಆಟೋಮ್ಯಾಟಿಕ್ ಬೇಕು ಅಂತಿಲ್ಲ. ಮೊದಲ ಸಲ ಮಳೆ ಹಿಡಿಯೋ ಮುಂಚೆ, ಎರಡನೇದು 40–45 ದಿನಕ್ಕೆ. ಮಾಪಕ ಹೇಳೋದು ಬಿದ್ದ ಮಳೆ, ಬರೋ ಮಳೆ ಅಲ್ಲ.

ನಿಜವಾಗಿ ಉಪಯೋಗ ಆಗೋದು ದೂರ ಇರೋರಿಗೆ. ಕಾಫಿ ತೋಟ ಮೂಡಿಗೆರೆಯಲ್ಲಿ, ಮನೆ ಬೆಂಗಳೂರಲ್ಲಿ ಅನ್ನೋರು ತುಂಬಾ ಜನ. ಫೆಬ್ರುವರಿ, ಮಾರ್ಚಲ್ಲಿ ರೋಬಸ್ಟಾಗೆ ಒಂದಿಂಚು ಹೂಮಳೆ ಬಂತಾ, ಅರ್ಧಕ್ಕೇ ನಿಂತು ಹೋಯ್ತಾ ಅನ್ನೋದು ಆ ರಾತ್ರಿಯೇ ಗೊತ್ತಾದ್ರೆ ಮರುದಿನ ಸ್ಪ್ರಿಂಕ್ಲರ್ ಹಾಕಿ ಕಮ್ಮಿ ಬಿದ್ದದ್ದನ್ನ ತುಂಬಿಸಬಹುದು. ಅವರಿಗೆ ಸಿಮ್ ಮಾಪಕದ ದುಡ್ಡು ಒಂದೇ ಹೂವಿಗೆ ವಾಪಸ್ ಬಂದ್ರೂ ಬಂತು.

ಯಾವುದೇ ತಗೊಂಡ್ರೂ ಹಳೇ ಕೈ ಅಳತೆ ಮಾಪಕವನ್ನ ಅಟ್ಟಕ್ಕೆ ಹಾಕಬೇಡಿ, ಪಕ್ಕದಲ್ಲೇ ಇರಲಿ. ಆಟೋಮ್ಯಾಟಿಕ್ ಮಾಪಕ ಕೆಡೋದು ಹೆಚ್ಚಾಗಿ ಎಲೆಕ್ಟ್ರಾನಿಕ್ಸ್‌ನಿಂದಲ್ಲ, ಆಲಿಕೆಗೆ ಬಿದ್ದ ಎಲೆ, ಜೇಡರ ಬಲೆ, ಕಣಜದ ಗೂಡಿನಿಂದ. ಮಳೆ ನಿಂತು ಎರಡು ಗಂಟೆ ಆದ ಮೇಲೂ ಆ್ಯಪ್‌ನಲ್ಲಿ ಸಣ್ಣಗೆ ಮಳೆ ಬರ್ತಾನೇ ಇದ್ರೆ ಆಲಿಕೆ ಕಟ್ಟಿದೆ ಅಂತಲೇ ಲೆಕ್ಕ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆಗೆದು ಒರೆಸಿದ್ರೆ ಸಾಕು. ಬಟ್ಟಲಿಗೆ ಎಣ್ಣೆ ಹಚ್ಚಬೇಡಿ, ಬೆರಳಲ್ಲಿ ಆಡಿಸಿದಷ್ಟೂ ಸಲ ಮಳೆ ಬಂದಂತೆ ದಾಖಲಾಗುತ್ತೆ ಅನ್ನೋದೂ ನೆನಪಿರಲಿ. ಸಿಮ್ ಇರುವ ಮಾಪಕದವರು ಡಿಸೆಂಬರ್‌ನಲ್ಲಿ ‘ಈಗ ಮಳೆ ಎಲ್ಲಿದೆ’ ಅಂತ ರೀಚಾರ್ಜ್ ಬಿಟ್ಟುಬಿಟ್ರೆ, ಹೂಮಳೆ ಬಂದ ರಾತ್ರಿ ಮೊಬೈಲ್‌ನಲ್ಲಿ ಕಾಣೋದು ಸೊನ್ನೆಯೇ.